ಹೊಲಿಗೆ ಬಿಟ್ಟ ಜಾಗ

ಗದಗಿನ ದರ್ಜಿ ವಿಠೋಬಣ್ಣ ಹೊಲಿದ ಮದುವೆಯ ಪ್ಯಾಂಟನ್ನು ತೊಟ್ಟು ನೋಡುತ್ತಿದ್ದ ಮದುಮಗ ಶಿವಯೋಗಿಯ ಕೈ ಬಲಸೊಂಟದ ಬಳಿ ಒಳಕ್ಕೆ ಜಾರಿತು.

"ಕಾಕಾ, ಇಲ್ಲಿ ಹೊಲಿಗಿ ಬಿಟ್ಟೀರಿ."

ವಿಠೋಬಣ್ಣ ನಾಲಿಗೆ ಕಚ್ಚಿಕೊಂಡರು. ಗಂಡಸರ ಪ್ಯಾಂಟಿಗೆ ಕಿಸೆ ಇಡಬಾರದೆಂಬ ಕಾನೂನು ಬಂದಾಗ ಈ ಹುಡುಗ ಹುಟ್ಟಿರಲೇ ಇಲ್ಲ. ಅವನ ಫೋನು ಎಲ್ಲರ ಫೋನಿನಂತೆ ಅಂಗಡಿಯ ಹೊರಗೆ, ಚಪ್ಪಲಿಯ ಪಕ್ಕದಲ್ಲಿತ್ತು.

"ಅದಕ್ಕ ಕಿಸೆ ಅಂತಾರಪಾ. ಹಳೇ ಕೈ, ಮರತಿಲ್ಲ ನೋಡು. ಬಿಚ್ಚು, ಮುಚ್ಚಿಕೊಡ್ತೀನಿ."

"ಇದರಾಗ ಏನಿಡ್ತಿದ್ರಿ?"

"ಸಾಲಿಗೆ ಹೋಗೋವಾಗ ನೆಲ್ಲಿಕಾಯಿ, ಒಂದು ಉಪ್ಪಿನ ಪುಡಿಕಿ. ಆಮ್ಯಾಲ ಫೋನ್ ಬಂತು, ನೆಲ್ಲಿಕಾಯಿಗೆ ಜಾಗ ಉಳೀಲಿಲ್ಲ. ಬರಬರತಾ ಅದರ ಕಾವಿಗೆ ಗಂಡಸರ ಬೀಜ ಸತ್ತು, ಊರಾಗ ತೊಟ್ಟಿಲಾ ಕಟ್ಟೋದ ಅಪರೂಪ ಆತು. ಅದಕ್ಕ ಈ ಕಾನೂನು ಬಂತು."

ಎಲ್ಲ ಅಂಗಡಿಗಳಂತೆ ಇಲ್ಲೂ ಬೀಜ ಬಲವಾಗಲೆಂದು ಗಂಡಸರಿಗೆ ತಿನ್ನಲು ನೆಲ್ಲಿಕಾಯಿಯ ಬಟ್ಟಲು ಇತ್ತು. ಶಿವಯೋಗಿ ಅದರಿಂದ ಒಂದನ್ನು ತೆಗೆದು ಕಿಸೆಗೆ ಹಾಕಿಕೊಂಡ. ತೊಡೆಗೆ ತಣ್ಣಗೆ ತಾಗಿದ್ದೇ ನಕ್ಕುಬಿಟ್ಟ.

"ಮುಚ್ಚಬ್ಯಾಡ್ರಿ. ಮಗ ಹುಟ್ಟಿದ್ರ ಅವನ ಚಡ್ಡಿಗೂ ಒಂದು ಇಡ್ರಿ."

ವಿಠೋಬಣ್ಣ ಕೊರಳಿನ ಟೇಪನ್ನು ಕೈಗೆ ತೆಗೆದುಕೊಂಡರು. ಕಿಸೆಯನ್ನು ಮರೆಯದ ಆ ಕೈಗೆ ಮಕ್ಕಳ ಚಡ್ಡಿಯ ಅಳತೆ ಎಷ್ಟು ಮಾಡಿದರೂ ನೆನಪಾಗಲಿಲ್ಲ.