ತೊಳೆದ ಬಾಟಲಿ

ಔಷಧದ ಖಾಲಿ ಬಾಟಲಿಯ ವಾಸನೆ ಬಡಿದರೆ ಇಂದಿಗೂ ಎಪ್ಪತ್ತರ ದಶಕದ ಮುದ್ದೇಬಿಹಾಳದ ಆ ಗುರುವಾರ ನೆನಪಾಗುತ್ತದೆ.

ಅಪ್ಪ ಡಾಕ್ಟರು. ದವಾಖಾನೆ ನಮ್ಮ ಪಡಸಾಲೆಯಲ್ಲೇ ಇತ್ತು. ಕಂಡದ್ದನ್ನೆಲ್ಲ ಎಣಿಸಿ ಬರೆಯುವ ಚಟ ನನಗೆ. ರೋಗಿಗಳನ್ನೂ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ: ಊರವರು ಒಂದು ಕಡೆ, ಅಣೆಕಟ್ಟಿನ ಕೆಲಸಕ್ಕೆ ತೆಲುಗು ಸೀಮೆಯಿಂದ ಬಂದವರು ಇನ್ನೊಂದು ಕಡೆ.

ಆ ಮಧ್ಯಾಹ್ನ ಅಂಥ ಒಬ್ಬ ತಾಯಿ ವಾಂತಿಭೇದಿಯಾದ ಕೂಸನ್ನು ಎತ್ತಿಕೊಂಡು ಬಂದಳು. ಔಷಧಕ್ಕೆ ಬಾಟಲಿ ಮನೆಯಿಂದಲೇ ತರಬೇಕೆಂಬ ರೂಢಿ ಅವಳಿಗೆ ಗೊತ್ತಿರಲಿಲ್ಲ.

“ಔಷಧ ಏನ್ ನಿನ್ನ ಉಡಿಯಾಗ ಸುರುವಲೇನು? ನಿಮ್ಮ ಮಂದಿಗಿ ಎಷ್ಟ್ ಸಲ ಹೇಳಬೇಕಬೇ! ಹೋಗಿ ಬಾಟ್ಲಿ ತಗೊಂಡ್ ಬಾ,” ಅಂದರು ಅಪ್ಪ. ಬೆಂಚಿನ ಮೇಲಿದ್ದವರು ನಕ್ಕರು. ನಾನೂ ನಕ್ಕೆ.

ಅವರ ಗುಡಿಸಲು ಮೂರು ಮೈಲಿ ದೂರ. ಸಂಜೆ ಅವಳು ಮರಳಿದಾಗ ಕೈಯಲ್ಲಿ ಬೂದಿಯಿಂದ ತಿಕ್ಕಿ ತೊಳೆದ ಬಾಟಲಿ ಹೊಳೆಯುತ್ತಿತ್ತು.

“ತಂದೇನ್ರಿ ಸಾಹೇಬ್ರ,” ಅಂದಳು.

ಅಪ್ಪ ಕೂಸಿನ ನಾಡಿ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಅವಳ ಸೆರಗಿನ ತುದಿಯನ್ನು ಅದರ ಮುಖದ ಮೇಲೆ ಎಳೆದರು.

ನನ್ನ ನೋಟ್‌ಬುಕ್ಕಿನಲ್ಲಿ ‘ಹೊರಗಿನವರು: ಒಂದು’ ಎಂದಿತ್ತು. ಅದರ ಮೇಲೆ, ಬೆಳಿಗ್ಗೆ ನಾನೇ ಎಣಿಸಿ ಬರೆದ ಸಾಲಿತ್ತು: ‘ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಖಾಲಿ ಬಾಟಲಿ: ಹನ್ನೊಂದು.’