ಆಯುಧಪೂಜೆಯ ದಿನ ಪಂಪು

"ಪೂಜೆ ಮಾಡಿದ್ದನ್ನ ಕಾಲಲ್ಲಿ ತುಳೀತೀಯೇನೋ? ನಾನಿರೋಗಂಟ ಅದು ಆಗಕ್ಕಿಲ್ಲ" ಎಂದು ಬೆಟ್ಟಮ್ಮ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಮಗ ಮಹದೇವು ತಲೆಯ ಮೇಲೆ ಕೈಹೊತ್ತು ಹಿತ್ತಲಲ್ಲೇ ಕುಳಿತ.

ತಪ್ಪು ಯಾರದೂ ಅಲ್ಲ. ಕರೆಂಟು ಕಾಣದ ಹಳ್ಳಿಗಳಿಗೆಂದೇ ಮಹದೇವು ತುಳಿಯುವ ಪಂಪೊಂದನ್ನು ಕಂಡುಹಿಡಿದಿದ್ದ. ಎರಡು ಹಲಗೆಗಳ ಮೇಲೆ ನಿಂತು ಒಂದಾದ ಮೇಲೊಂದನ್ನು ತುಳಿದರೆ ಬಾವಿಯ ನೀರು ಮೇಲೆ ಬರಬೇಕು. ಇದಕ್ಕಾಗಿ ಬೆಂಗಳೂರಿನ ಕಾರ್ಖಾನೆಯ ಎಂಜಿನಿಯರ್ ಕೆಲಸ ಬಿಟ್ಟು ಬಂದು, ಲಕ್ಷ್ಮೀಪುರಂನ ಮನೆಯ ಹಿತ್ತಲಲ್ಲಿ ಶೆಡ್ಡು ಹಾಕಿದ್ದ. ಕಂಪನಿ ಎಂದರೆ ಅವನು, ತೊಗಲಿನ ವಾಷರು ಕತ್ತರಿಸುವ ಹೆಂಡತಿ ಶಾಂತಾದೇವಿ, ಇಬ್ಬರನ್ನೂ ಗದರುವ ತಾಯಿ, ಅಷ್ಟೇ. ಇವತ್ತು ಆಯುಧಪೂಜೆ. ಬೆಟ್ಟಮ್ಮ ಬೆಳಿಗ್ಗೆಯೇ ಪಂಪಿಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನೆಲ್ಲ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ ಆರತಿ ಎತ್ತಿದ್ದರು. ನಾಳೆಯವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಬರದೆ ಬರದೆ ಗಿರಾಕಿ ಬಂದದ್ದು ಇವತ್ತೇ.

ಗಿರಾಕಿ ಎಂದರೆ ನಂಜನಗೂಡು ಕಡೆಯ ರೈತ ಸಂಘದ ಅಧ್ಯಕ್ಷ ಪ್ರಭುಸ್ವಾಮಿ. ಜರಿಯಂಚಿನ ಶಲ್ಯ ಹೊದ್ದ ಗಂಭೀರ ಮನುಷ್ಯ.

"ಪೂಜೆ ಮಾಡಿದ್ದನ್ನ ಓಡಿಸಿ ಅಂತ ನಾನೂ ಹೇಳಲ್ಲ ಕಣ್ರೀ. ಆದ್ರೆ ನಾಳೆ ವಿಜಯದಶಮಿ, ಯಾವ ಪಂಪು ತರಿಸೋದು ಅಂತ ಸಂಘದೋರು ತೀರ್ಮಾನ ಮಾಡ್ಬುಡ್ತಾರೆ. ಮೊನ್ನೆ ದಸರಾ ಎಕ್ಸಿಬಿಷನ್‌ನಲ್ಲಿ ಬೇರೆ ಪಂಪೊಂದು ನೋಡ್ಕೊಂಡು ಹೋದೆ. ನಿಮ್ಮದಿದೆ ಅಂತ ನಿನ್ನೆ ಯಾರೋ ಹೇಳಿದ್ರು. ಇವತ್ತು ನೀರೆತ್ತೋದು ನೋಡದೆ ನಾನು ಊರಿಗೆ ಹೋಗಿ ಏನಂತ ಹೇಳ್ಲಿ?"

ಈ ಆರ್ಡರು ಕೈತಪ್ಪಿದರೆ ಶೆಡ್ಡಿಗೆ ಬೀಗ ಜಡಿದು ಮಹದೇವು ಮತ್ತೆ ಬೆಂಗಳೂರಿನ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಬೇಕು. ಅದು ಬೆಟ್ಟಮ್ಮನಿಗೂ ಗೊತ್ತು. ಅವರ ಕಣ್ಣು ತುಂಬಿ ಬಂತು, ಕಾಲು ಮಾತ್ರ ಹೊಸಿಲು ಬಿಟ್ಟು ಕದಲಲಿಲ್ಲ. ಆಗ ಅಡುಗೆಮನೆಯಿಂದ ಶಾಂತಾದೇವಿ ಇಣುಕಿದಳು.

"ಅತ್ತೆ, ಇನ್ನೊಂದು ಪಂಪಿನ ಬಿಡಿಭಾಗ ಮಂಚದ ಕೆಳಗೆ ಮೂಟೇಲಿದೆಯಲ್ಲ. ಅದಕ್ಕೆ ಪೂಜೆ ಆಗಿದೆಯಾ?"

"ಅದು ನನ್ನ ಕಣ್ಣಿಗೇ ಬೀಳ್ನಿಲ್ಲ. ಬಿದ್ದಿದ್ರೆ ಬುಡ್ತಿದ್ನಾ!"

ಮಹದೇವು ಎದ್ದು ಓಡಿದ. ಮೂಟೆ ಬಾವಿಕಟ್ಟೆಗೆ ಬಂತು. ಆದರೆ ಜೋಡಿಸುವುದು ಹೇಗೆ? ಸ್ಪ್ಯಾನರುಗಳೆಲ್ಲ ಕುಂಕುಮ ಇಟ್ಟುಕೊಂಡು ಬಾಳೆಲೆಯ ಮೇಲೆ ಆರಾಮವಾಗಿ ಮಲಗಿದ್ದವು. ಅಡುಗೆಮನೆಯಲ್ಲಿ ಈಳಿಗೆಮಣೆಗೂ ಒರಳಿಗೂ ಪೂಜೆಯಾಗಿತ್ತು. ಒಬ್ಬಟ್ಟಿನ ಕೆಲಸಕ್ಕೆ ಬೇಕೆಂದು ಬೆಟ್ಟಮ್ಮ ಇಕ್ಕಳವನ್ನು ಮಾತ್ರ ಬಿಟ್ಟಿದ್ದರು. ಮಹದೇವು ಇಕ್ಕಳದಲ್ಲಿ ನಟ್ಟು ಹಿಡಿದ, ಒಂದಾಣೆ ನಾಣ್ಯದ ಅಂಚಿನಲ್ಲಿ ಸ್ಕ್ರೂ ತಿರುಗಿಸಿದ. ನೋಡುತ್ತ ನಿಂತಿದ್ದ ಪ್ರಭುಸ್ವಾಮಿಗೂ ಹುರುಪು ಬಂದು, ಪಂಚೆ ಎತ್ತಿ ಕಟ್ಟಿ ಕೊಳವೆ ಹಿಡಿದುಕೊಂಡರು. ಹಬ್ಬದ ದಿನ ಹಿತ್ತಲಲ್ಲಿ ಇಷ್ಟು ಗಲಾಟೆ ಯಾಕೆಂದು ಪಕ್ಕದ ಮನೆಯವರು ಕಾಂಪೌಂಡಿನಿಂದ ಕತ್ತು ಚಾಚಿದರು.

ಪಂಪೇನೋ ನಿಂತಿತು. ಮಹದೇವು ಹತ್ತಿ ತುಳಿದ. ಬುಸ್ ಬುಸ್ ಎಂದು ಗಾಳಿ ಎಳೆಯಿತೇ ಹೊರತು ಒಂದು ಹನಿ ನೀರಿಲ್ಲ. ಇಕ್ಕಳದ ಬಿಗಿ ಸಾಲದೆ ಕೊಳವೆಯ ಕೀಲಿನಲ್ಲಿ ಸಂದು ಉಳಿದಿತ್ತು. ಅವನ ಮುಖ ಸಪ್ಪಗಾಯಿತು. ಶಾಂತಾದೇವಿ ಒಳಗೆ ಹೋದವಳು ಅಂಗೈಯಲ್ಲಿ ಒಬ್ಬಟ್ಟಿನ ಕಣಕ ತಂದಳು, ಎಣ್ಣೆಯಲ್ಲಿ ನೆಂದು ಎಳೆದಷ್ಟೂ ಬರುವ ಮೈದಾ ಹಿಟ್ಟು.

"ಇದನ್ನ ಮೆತ್ತಿ ನೋಡೋಣ್ವಾ?"

"ಲೇ, ಇದು ಪಂಪು ಕಣೇ!" ಎಂದ ಎಂಜಿನಿಯರ್. ಮತ್ತೊಮ್ಮೆ ಸಂದು ನೋಡಿ, "ಕೊಡು ಇಲ್ಲಿ" ಎಂದು ತಾನೇ ಕೈಚಾಚಿ ಕೀಲಿನ ಸುತ್ತ ಒತ್ತಿದ.

"ನೀವು ತುಳಿದ್ರೆ ಆಗಲ್ಲ" ಎಂದು ಪ್ರಭುಸ್ವಾಮಿ ತಡೆದರು. "ನಮ್ಮೂರಲ್ಲಿ ತೋಟಕ್ಕೆ ನೀರು ಕಟ್ಟೋರು ಹೆಂಗಸ್ರು. ಅವರ ಕೈಲಾಗುತ್ತೋ ಇಲ್ವೋ ನಾನು ನೋಡ್ಬೇಕು."

ಎಲ್ಲರೂ ಶಾಂತಾದೇವಿಯ ಕಡೆ ನೋಡುತ್ತಿರುವಾಗಲೇ ಬೆಟ್ಟಮ್ಮ ಹೊಸ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, "ಇದಕ್ಕೆ ಪೂಜೆ ಆಗಿಲ್ವಲ್ಲ, ಸರೀರಿ ಅತ್ಲಾಗೆ" ಎಂದು ಹಲಗೆ ಹತ್ತೇಬಿಟ್ಟರು. ತವರೂರು ಇಲವಾಲದ ಗದ್ದೆಗಳಲ್ಲಿ ಬೆಳೆದ ಕಾಲುಗಳು. ಕೊಳವೆ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಮುಂಗೈಗಾತ್ರದ ನೀರು ನೆಟ್ಟಗೆ ಪ್ರಭುಸ್ವಾಮಿಯ ಜರಿ ಶಲ್ಯದ ಮೇಲೆ ಹಾರಿತು. ಕಾಂಪೌಂಡಿನಾಚೆಯವರು ಚಪ್ಪಾಳೆ ತಟ್ಟಿದರು. ಮಹದೇವುವಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಎಕ್ಸಿಬಿಷನ್ ಪಂಪು ಕೆಟ್ರೆ ಪೇಟೆಯಿಂದ ಮೇಸ್ತ್ರಿ ಬರ್ಬೇಕು, ಅವನು ಬರೋ ಹೊತ್ಗೆ ಪೈರು ಒಣಗಿರುತ್ತೆ" ಎಂದರು ಪ್ರಭುಸ್ವಾಮಿ, ಮುಖದ ನೀರು ಒರೆಸಿಕೊಳ್ಳುತ್ತ. "ಇದಕ್ಕೆ ಇಕ್ಕಳ, ಒಂದುಂಡೆ ಹಿಟ್ಟು ಸಾಕು. ಇನ್ಯಾವ ಪಂಪೂ ಬೇಡ, ನಮ್ಮ ಸಂಘಕ್ಕೆ ಇದೇ. ನನ್ನ ಮಾತು ಅಲ್ಲಿ ಯಾರೂ ತೆಗೆದುಹಾಕಲ್ಲ."

ಮಹದೇವು ಒಳಗೋಡಿ ಕಾಗದ ತಂದ. "ಎರಡು ಸಾಲು ಬರೆದುಕೊಟ್ಟುಬಿಟ್ಟರೆ, ನಾಡಿದ್ದಿನಿಂದಲೇ ಪಂಪಿನ ಭಾಗಗಳನ್ನ ಎರಕಕ್ಕೆ ಕೊಡ್ತೀನಿ."

ಪ್ರಭುಸ್ವಾಮಿ ಜುಬ್ಬದ ಜೇಬಿಗೆ ಕೈಹಾಕಿದವರು ಹಾಗೇ ನಿಂತರು. "ಅಯ್ಯೋ, ಪೆನ್ನು ಬೆಳಿಗ್ಗೆ ಮನೇಲಿ ಪೂಜೆಗಿಟ್ಟು ಬಂದ್ಬುಟ್ಟೆ! ನಿಮ್ಮದಿದ್ರೆ ಕೊಡಿ." ಮಹದೇವು ದೇವರಮನೆಯ ಕಡೆ ನೋಡಿದ. ಅವನ ಪೆನ್ನೂ ಅಲ್ಲೇ ಹೂವು ಮುಡಿದು ಕೂತಿತ್ತು. ಇಬ್ಬರೂ ಖಾಲಿ ಕಾಗದವನ್ನು ನೋಡುತ್ತ ನಿಂತರು.

ಬೆಟ್ಟಮ್ಮ ಏದುಸಿರು ಬಿಡುತ್ತ ಪಂಪಿನ ಮೇಲಿಂದಲೇ ಕೂಗಿದರು:

"ನಾಲಿಗೆಗೇನೂ ಪೂಜೆ ಮಾಡಿಲ್ವಲ್ಲ ಸ್ವಾಮಿ? ಪಕ್ಕದ ಮನೆಯೋರೂ ಇಲ್ಲೇ ಅವ್ರೆ. ಎಲ್ಲಾರ್ಗೂ ಕೇಳಂಗೆ ಗಟ್ಯಾಗಿ ಹೇಳ್ಬುಡಿ!"