ಬಿಳಿ ಗುರುತು

ಕಾರಿನ ವಾಟರ್ ಪಂಪು ಸೋರುತ್ತಿತ್ತು. ಅದನ್ನು ಬದಲಿಸಬೇಕಾದರೆ ಟೈಮಿಂಗ್ ಬೆಲ್ಟನ್ನೂ ಬಿಚ್ಚಬೇಕು. ಹಬ್ಬವೆಂದು ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಹಬ್ಬ ಮುಗಿದ ಬೆಳಿಗ್ಗೆಯೇ ತಾಯಿಗೆ ಕಣ್ಣಿನ ಆಪರೇಷನ್. ಮಗ ಮನೆಯ ಮುಂದೆಯೇ ಬಾನೆಟ್ ಎತ್ತಿದ.

ಬೆಲ್ಟು ತಿರುಗಿಸುವ ಹಲ್ಲುಚಕ್ರಗಳು ಒಂದು ಹಲ್ಲು ಆಚೀಚೆಯಾದರೂ ಇಂಜಿನ್ ಹಾಳಾಗುತ್ತದೆ. ಅದಕ್ಕೇ ಬಿಚ್ಚುವ ಮೊದಲು ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕಿಕೊಂಡಿದ್ದ. ಹೊಸ ಪಂಪು ಕೂರಿಸುವಷ್ಟರಲ್ಲಿ ಅವನ ಸೊಂಟ ಬಿದ್ದುಹೋಗಿತ್ತು. ಊಟ ಮಾಡಿ ಸ್ವಲ್ಪ ಹೊತ್ತು ಒರಗಿ, ಮತ್ತೆ ಕಾರಿನ ಹತ್ತಿರ ಬಂದ.

ಹಲ್ಲುಚಕ್ರಗಳು ಥಳಥಳ ಹೊಳೆಯುತ್ತಿದ್ದವು. ಒಂದೊಂದರ ಸುತ್ತಲೂ ಅರಿಶಿನ ಕುಂಕುಮ.

"ಅಮ್ಮಾ, ಇಲ್ಲಿ ಬಿಳಿ ಗುರುತು ಹಾಕಿದ್ನಲ್ಲ, ಏನಾಯ್ತು?"

"ನನ್ನ ಕಣ್ಣಿಗೆ ಅದೆಲ್ಲ ಎಲ್ಲಿ ಕಾಣ್ಸುತ್ತೋ? ಆಸ್ಪತ್ರೆಗೆ ಹೋಗೋ ಗಾಡಿ, ಆಯುಧಪೂಜೆ ದಿನ ಹಾಗೇ ಬಿಡೋಕಾಗುತ್ತಾ? ಗ್ರೀಸ್ ಮೇಲೆ ಕುಂಕುಮ ನಿಲ್ಲಲ್ಲ ಅಂತ ಸೀಮೆಎಣ್ಣೆ ಹಾಕಿ ತಿಕ್ಕಿದೆ."

ಅವನು ನೆಲದ ಮೇಲೇ ಕೂತುಬಿಟ್ಟ. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದ. ಆಮೇಲೆ ಉಸಿರು ಬಿಟ್ಟ.

"ಹೋಗ್ಲಿ ಬಿಡಮ್ಮ. ಗುರುತು ಹೋದ್ರೆ ಹೋಯ್ತು, ಚಕ್ರ ಇದ್ದ ಹಾಗೇ ಇದ್ಯಲ್ಲ. ಹಾಗೇ ಬೆಲ್ಟ್ ಹಾಕ್ತೀನಿ."

ತಾಯಿಗೆ ನಗು ಬಂತು.

"ಇದ್ದ ಹಾಗೇ ಇದ್ದಿದ್ರೆ ಆ ಕಡೆಗೆಲ್ಲ ಕುಂಕುಮ ಹೇಗೋ ಇಡ್ಲಿ? ನೀನು ಚಕ್ರದ ಬೋಲ್ಟಿಗೆ ಸಿಕ್ಕಿಸಿಟ್ಟಿದ್ದ ಪಾನಾ ಹಿಡ್ಕೊಂಡು, ಕೈಗೆ ಎಟುಕೋ ಹಾಗೆ ಒಂದೊಂದನ್ನೂ ತಿರುಗಿಸ್ಕೊಂಡೇ ಇಟ್ಟಿದ್ದು."